ಹಳೆಯ ಲ್ಯಾಪ್‌ಟಾಪ್‌ನ ಅಗ್ಗದ ಜಾಹೀರಾತು: ಹಣ ಕೊಡುವ ಮೊದಲು ಗಮನಿಸಬೇಕಾದ ಲಕ್ಷಣಗಳು

ಬಳಸಿದ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಮಾರಾಟಕ್ಕಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸಂಶಯಿಸಬೇಕಾಗಿಲ್ಲ. ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಯಂತ್ರಗಳನ್ನು ಒಟ್ಟಾಗಿ ಬದಲಿಸುತ್ತವೆ, ಓದು ಮುಗಿಸಿದವರು ತಮ್ಮದನ್ನು ಮಾರುತ್ತಾರೆ, ಹೊಸದು ಕೊಂಡವರಿಗೆ ಹಳೆಯದು ಬೇಡವಾಗುತ್ತದೆ. ಇಂಥ ಯಂತ್ರಗಳಲ್ಲಿ ಎಷ್ಟೋ ಇನ್ನೂ ಹಲವು ವರ್ಷ ಬಾಳಿಕೆ ಬರುತ್ತವೆ. ಆದರೆ ಬೆಲೆ ಇಳಿದಿರುವುದಕ್ಕೆ ಏನಾದರೊಂದು ಕಾರಣ ಇದ್ದೇ ಇರುತ್ತದೆ, ಮತ್ತು ಆ ಕಾರಣ ಯಾವುದೆಂದು ಹಣ ಕೈಬಿಡುವ ಮೊದಲೇ ತಿಳಿದುಕೊಳ್ಳುವುದು ಕೊಳ್ಳುವವರ ಹೊಣೆ.

ಇಲ್ಲಿ ಎದುರಾಗುವ ದೋಷಗಳನ್ನು ಎರಡು ಬಗೆಯಾಗಿ ಬೇರ್ಪಡಿಸಿ ನೋಡುವುದು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿ ಸವೆದಿರುವುದು, ಪರದೆಯ ಮೇಲೆ ಕಲೆ ಇರುವುದು, ಹಿಂಜ್ (ಮುಚ್ಚಳ ತಿರುಗುವ ಕೀಲು) ಸಡಿಲವಾಗಿರುವುದು ಯಂತ್ರದ ದೋಷಗಳು. ಇವುಗಳ ರಿಪೇರಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಯಂತ್ರ ಮಾರುವವರದ್ದೇ ಅಲ್ಲದಿರುವುದು, ಅದಕ್ಕೆ ಬೇರೊಬ್ಬರ ಬೀಗ ಬಿದ್ದಿರುವುದು, ಯಂತ್ರವೇ ಇಲ್ಲದೆ ಬರೀ ಚಿತ್ರವಿರುವುದು ಒಡೆತನದ ದೋಷಗಳು. ಇವುಗಳಿಗೆ ಎಷ್ಟು ರಿಯಾಯಿತಿ ಕೊಟ್ಟರೂ ಸಾಲದು. ಮುಂದಿನ ಪರೀಕ್ಷೆಗಳು ಕುಳಿತಲ್ಲೇ ಖರ್ಚಿಲ್ಲದೆ ಮಾಡಬಹುದಾದವುಗಳಿಂದ ಆರಂಭವಾಗಿ, ಯಂತ್ರ ಕೈಗೆ ಬಂದಾಗ ಮಾಡಬೇಕಾದವುಗಳತ್ತ ಸಾಗುತ್ತವೆ. ಮೊದಲ ಹಂತದ ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಮುಂದಿನ ಹಂತದವರೆಗೆ ಹೋಗುವ ಅಗತ್ಯವೇ ಇಲ್ಲ.

ಬೆಲೆ ನಂಬಲಾರದಷ್ಟು ಕಡಿಮೆ ಇದೆ

ಮೊದಲು ಅದೇ ಮಾಡೆಲ್, ಅದೇ ಪ್ರೊಸೆಸರ್, ಅಷ್ಟೇ ರ‍್ಯಾಮ್ ಇರುವ ಬೇರೆ ಜಾಹೀರಾತುಗಳನ್ನು ಹುಡುಕಿ, ಅವುಗಳ ಸಾಮಾನ್ಯ ಬೆಲೆ ಯಾವ ಮಟ್ಟದಲ್ಲಿದೆ ಎಂದು ನೋಡಿಕೊಳ್ಳಿ. ಹೊಸ ಯಂತ್ರದ ಬೆಲೆಯೊಂದಿಗೆ ಹೋಲಿಸಿದರೆ ಎಲ್ಲ ಹಳೆಯ ಯಂತ್ರಗಳೂ ಅಗ್ಗವಾಗಿಯೇ ಕಾಣುತ್ತವೆ. ಆದ್ದರಿಂದ ಹೋಲಿಕೆ ಬಳಸಿದ ಯಂತ್ರಗಳ ನಡುವೆಯೇ ಆಗಬೇಕು. ಇತರರಿಗಿಂತ ಸ್ವಲ್ಪ ಕಡಿಮೆ ಇದ್ದು, ಜೊತೆಗೆ ಬ್ಯಾಟರಿ ಹೆಚ್ಚು ಹೊತ್ತು ಬರುವುದಿಲ್ಲ, ಒಂದು ಮೂಲೆ ಒಡೆದಿದೆ ಎಂದು ಮಾರುವವರೇ ಬರೆದಿದ್ದರೆ ಅದು ಒಳ್ಳೆಯ ಲಕ್ಷಣ, ಏಕೆಂದರೆ ಬೆಲೆ ಇಳಿದ ಕಾರಣ ನಿಮ್ಮ ಕಣ್ಣ ಮುಂದಿದೆ. ಬೆಲೆ ಉಳಿದವರದ್ದರಲ್ಲಿ ಅರ್ಧದಷ್ಟೇ ಇದ್ದು, ವಿವರದಲ್ಲಿ ಮಾತ್ರ ಹೊಸದರಂತಿದೆ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು. ಹೀಗಿರುವಾಗ ಇಷ್ಟು ಕಡಿಮೆ ಬೆಲೆಗೆ ಏಕೆ ಮಾರುತ್ತಿದ್ದೀರಿ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ತುರ್ತಾಗಿ ಊರು ಬಿಡುತ್ತಿದ್ದೇವೆ ಎಂಬುದು ನಿಜವೂ ಆಗಿರಬಹುದು, ಆದರೆ ಯಂತ್ರವನ್ನು ತೋರಿಸಲು ನಿರಾಕರಿಸುವುದಕ್ಕೆ ಅದು ಕಾರಣವಾಗಲಾರದು.

ಚಿತ್ರಗಳು ಅತಿ ಸುಂದರವಾಗಿವೆ, ಇಲ್ಲವೇ ಒಂದೇ ಒಂದು ಚಿತ್ರವಿದೆ

ಬಿಳಿ ಹಿನ್ನೆಲೆಯ, ನೆರಳಿಲ್ಲದ ಚಿತ್ರ ತಯಾರಕರ ಪ್ರಚಾರದ ಚಿತ್ರವಾಗಿರುವ ಸಾಧ್ಯತೆ ಹೆಚ್ಚು. ಗೂಗಲ್ ಲೆನ್ಸ್‌ನಂಥ ಸೌಲಭ್ಯದಲ್ಲಿ ಆ ಚಿತ್ರವನ್ನು ಹಾಕಿ ಹುಡುಕಿದರೆ ಅದು ಬೇರೆಲ್ಲಿ ಬಳಕೆಯಾಗಿದೆ ಎಂಬುದು ಹಲವು ಸಲ ಗೊತ್ತಾಗುತ್ತದೆ; ಅದೇ ಚಿತ್ರ ಬೇರೆ ಬೇರೆ ಹೆಸರುಗಳಲ್ಲಿ, ಬೇರೆ ಬೇರೆ ಬೆಲೆಗಳಲ್ಲಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಎಲ್ಲೂ ಕಾಣಲಿಲ್ಲ ಎಂದ ಮಾತ್ರಕ್ಕೆ ಚಿತ್ರ ಅಸಲಿ ಎಂದೂ ಅಲ್ಲ. ಹಲವು ಚಿತ್ರಗಳಿದ್ದರೆ ಒಂದರಲ್ಲಿ ಕಾಣುವ ಗೀರು ಇನ್ನೊಂದರಲ್ಲೂ ಇದೆಯೇ, ಕೀಬೋರ್ಡಿನ ವಿನ್ಯಾಸ ಎಲ್ಲದರಲ್ಲೂ ಒಂದೇ ಆಗಿದೆಯೇ ಎಂದು ಗಮನಿಸಿ.

ಅನಂತರ ಮಾರುವವರಿಂದ ಹೊಸದಾಗಿ ತೆಗೆದ ಚಿತ್ರಗಳನ್ನು ಕೇಳಿ: ಇಂದಿನ ತಾರೀಖನ್ನು ಕೈಯಲ್ಲಿ ಬರೆದ ಚೀಟಿಯೊಂದನ್ನು ಕೀಬೋರ್ಡಿನ ಮೇಲಿಟ್ಟು ಆನ್ ಆದ ಯಂತ್ರದ ಚಿತ್ರ, ತಳಭಾಗದ ಲೇಬಲ್‌ನ ಚಿತ್ರ, ಮುಚ್ಚಳ ಮುಚ್ಚಿದಾಗ ನಾಲ್ಕು ಬದಿಗಳ ಚಿತ್ರ. ಯಂತ್ರ ನಿಜವಾಗಿ ಕೈಯಲ್ಲಿದ್ದವರಿಗೆ ಇದು ಕೆಲವೇ ನಿಮಿಷದ ಕೆಲಸ. ವಿಡಿಯೋ ಕರೆಯಲ್ಲಿ ತೋರಿಸಿದರೆ ಇನ್ನೂ ಉತ್ತಮ, ಏಕೆಂದರೆ ನೀವು ಹೇಳಿದ ಕಡೆಗೆ ಕ್ಯಾಮೆರಾ ತಿರುಗುತ್ತದೆಯೇ ಎಂಬುದೇ ಒಂದು ಪರೀಕ್ಷೆ. ಸೀರಿಯಲ್ ನಂಬರ್ ಸಾರ್ವಜನಿಕವಾಗಿ ಕಾಣಬಾರದೆಂದು ಕೆಲವರು ಜಾಹೀರಾತಿನಲ್ಲಿ ಅದನ್ನು ಮರೆಮಾಡುವುದು ಸಹಜ. ಕೊಳ್ಳಲು ಬಂದವರಿಗೂ ಅದನ್ನು ತೋರಿಸದಿರುವುದು ಸಹಜವಲ್ಲ.

ವಿವರದಲ್ಲಿ ಬರೀ ಐ7, 16 ಜಿಬಿ ಎಂದಿದೆ

ಇದು ಮೋಸವೇ ಆಗಿರಬೇಕೆಂದಿಲ್ಲ, ಆದರೆ ಕೊಳ್ಳುವವರು ಅತಿ ಹೆಚ್ಚು ದಾರಿ ತಪ್ಪುವುದು ಇಲ್ಲಿಯೇ. ಐ7 ಎಂಬುದು ಒಂದು ವರ್ಗದ ಹೆಸರೇ ಹೊರತು ವೇಗದ ಅಳತೆಯಲ್ಲ. ಯಾವ ತಲೆಮಾರಿನದು ಎಂಬುದೇ ನಿರ್ಣಾಯಕ. ಇಂಟೆಲ್ ಕೋರ್ ಐ7-7500ಯು ಎಂಬ ಪ್ರೊಸೆಸರ್‌ನಲ್ಲಿ ಇರುವುದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು. ಅದರ ಮರುವರ್ಷ, 2017ರಲ್ಲಿ ಬಂದ ಐ5-8250ಯುನಲ್ಲಿ ನಾಲ್ಕು ಕೋರ್‌ಗಳಿವೆ. ಹೆಸರಿನಲ್ಲಿ ಕಿರಿಯದಾಗಿ ಕಾಣುವುದು ಇಲ್ಲಿ ಹೆಚ್ಚು ಸಮರ್ಥವಾಗಿದೆ. ಅಡ್ಡಗೆರೆಯ ನಂತರದ ಮೊದಲ ಅಂಕಿ ತಲೆಮಾರನ್ನು ಸೂಚಿಸುತ್ತದೆ: 6200ಯು ಎಂದರೆ ಆರನೆಯದು, 8250ಯು ಎಂದರೆ ಎಂಟನೆಯದು, 10210ಯು, 1135ಜಿ7 ಎಂಬಂಥವುಗಳಲ್ಲಿ ಮೊದಲ ಎರಡು ಅಂಕಿಗಳನ್ನು ಸೇರಿಸಿ ಓದಬೇಕು. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳ ಲೆಕ್ಕ ಇನ್ನಷ್ಟು ಜಟಿಲ. ಅದರ 7000 ಸರಣಿಯಲ್ಲಿ ಒಳಗಿನ ವಿನ್ಯಾಸ ಎಷ್ಟು ಹಳೆಯದೆಂಬುದನ್ನು ಮೂರನೆಯ ಅಂಕಿ ಹೇಳುತ್ತದೆ. 7520ಯು ಎಂಬುದು ಹೊಸದಾಗಿ ಕಂಡರೂ ಅದರ ಒಳಗಿರುವುದು ಝೆನ್ 2 ಎಂಬ ಹಳೆಯ ವಿನ್ಯಾಸ. ಆದ್ದರಿಂದ ಪ್ರೊಸೆಸರ್‌ನ ಪೂರ್ಣ ಹೆಸರು ಸಿಗುವವರೆಗೆ ಬೆಲೆಯ ಮಾತನ್ನೇ ಆಡಬೇಡಿ.

ತಲೆಮಾರು ಮುಖ್ಯವಾಗಲು ಇನ್ನೊಂದು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಮತ್ತು ಇಂಟೆಲ್‌ನಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅಗ್ಗದ ಜಾಹೀರಾತುಗಳಲ್ಲಿ ಆರನೆಯ, ಏಳನೆಯ ತಲೆಮಾರಿನ ಯಂತ್ರಗಳು ಹೆಚ್ಚಾಗಿ ಕಾಣುವುದಕ್ಕೆ ಇದೇ ದೊಡ್ಡ ಕಾರಣ. ಅವುಗಳಲ್ಲಿ ವಿಂಡೋಸ್ 11 ಹಾಕಿಕೊಟ್ಟಿದ್ದೇವೆ ಎಂದಿದ್ದರೆ ಪರಿಶೀಲನೆಯನ್ನು ತಪ್ಪಿಸಿ ಹಾಕಿದ್ದಾರೆ ಎಂದೇ ಅರ್ಥ, ಮುಂದಿನ ಅಪ್‌ಡೇಟ್‌ಗಳಿಗೆ ಖಾತರಿಯಿಲ್ಲ. ಲಿನಕ್ಸ್ ಬಳಸುವವರಿಗೆ ಇಂಥ ಯಂತ್ರ ಈಗಲೂ ಉಪಯುಕ್ತ, ಮತ್ತು ಅಂಥವರಿಗೆ ಇದು ನಿಜವಾಗಿಯೂ ಲಾಭದ ವ್ಯಾಪಾರ. ಆಪಲ್ ಕಂಪನಿ 2025ರ ಮ್ಯಾಕ್‌ಓಎಸ್ ಟಾಹೋ ಆವೃತ್ತಿಯೇ ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಗಳಿಗೆ ಕೊನೆಯದು ಎಂದು ಪ್ರಕಟಿಸಿರುವುದರಿಂದ ಆ ಮ್ಯಾಕ್‌ಬುಕ್‌ಗಳ ಬೆಲೆಯೂ ಇಳಿದಿದ್ದರೆ ಆಶ್ಚರ್ಯವಿಲ್ಲ. ಕ್ರೋಮ್‌ಬುಕ್ ಆದರೆ ಸ್ವಯಂಚಾಲಿತ ಅಪ್‌ಡೇಟ್ ಎಂದಿನವರೆಗೆ ಬರುತ್ತದೆ ಎಂಬ ದಿನಾಂಕ ಪ್ರತಿ ಮಾಡೆಲ್‌ಗೂ ಗೊತ್ತುಪಡಿಸಲಾಗಿದೆ. ಅದನ್ನು ಮೊದಲೇ ನೋಡಿಕೊಳ್ಳಿ.

ಸಂಗ್ರಹದ ಬಗ್ಗೆಯೂ ಒಂದು ಮಾತು. 32 ಅಥವಾ 64 ಜಿಬಿ ಎಂದಿದ್ದರೆ ಅದು ಸಾಮಾನ್ಯವಾಗಿ ಇಎಂಎಂಸಿ ಎಂಬ ನಿಧಾನದ ಸಂಗ್ರಹ. ಅದು ಬೋರ್ಡಿಗೇ ಬೆಸೆದಿರುತ್ತದೆ, ಬದಲಾಯಿಸಲು ಬರುವುದಿಲ್ಲ. ತೆಳುವಾದ ಅನೇಕ ಮಾಡೆಲ್‌ಗಳಲ್ಲಿ ರ‍್ಯಾಮ್ ಕೂಡ ಹಾಗೆಯೇ ಇರುತ್ತದೆ. ಆಮೇಲೆ ಹೆಚ್ಚಿಸಿಕೊಂಡರಾಯಿತು ಎಂದುಕೊಂಡು ಕೊಳ್ಳುವ ಮೊದಲು ಆ ಮಾಡೆಲ್‌ನಲ್ಲಿ ಅದು ಸಾಧ್ಯವೇ ಎಂದು ತಯಾರಕರ ವಿವರಪತ್ರದಲ್ಲಿ ಖಚಿತಪಡಿಸಿಕೊಳ್ಳಿ.

ಮಾರುವವರು ಅವಸರಪಡಿಸುತ್ತಾರೆ, ಮುಂಗಡ ಕೇಳುತ್ತಾರೆ

ಇನ್ನಿಬ್ಬರು ಕೊಳ್ಳಲು ಕಾಯುತ್ತಿದ್ದಾರೆ, ಸ್ವಲ್ಪ ಮುಂಗಡ ಕೊಟ್ಟರೆ ನಿಮಗೇ ಇಟ್ಟಿರುತ್ತೇನೆ ಎಂಬ ಮಾತು ಈ ವ್ಯವಹಾರದಲ್ಲಿ ಅತಿ ಸ್ಪಷ್ಟವಾದ ಅಪಾಯದ ಲಕ್ಷಣ. ಮೊತ್ತ ಚಿಕ್ಕದಾಗಿರುವುದು ಸಮಾಧಾನದ ವಿಷಯವಲ್ಲ. ಚಿಕ್ಕ ಮೊತ್ತ ಕೊಟ್ಟವರಿಂದ ಸಾಗಣೆ, ವಿಮೆ ಎಂದು ಮತ್ತೆ ಮತ್ತೆ ಹಣ ಕೇಳುವುದೇ ಇಂಥ ವಂಚನೆಯ ಕ್ರಮ. ಮಾರಾಟದ ವೇದಿಕೆಯೊಳಗಿನ ಸಂದೇಶಗಳನ್ನು ಬಿಟ್ಟು ಬೇರೆ ಆ್ಯಪ್‌ಗೆ ಬರಲು ಹೇಳುವುದು, ಹಣ ಸುರಕ್ಷಿತವಾಗಿರುತ್ತದೆ ಎಂದು ಯಾವುದೋ ಲಿಂಕ್ ಕಳಿಸುವುದು, ಯಂತ್ರ ಬೇರೊಬ್ಬರ ಬಳಿ ಇದೆ ಎನ್ನುವುದು, ಖಾತೆಯ ಹೆಸರೂ ಮಾರುವವರ ಹೆಸರೂ ಬೇರೆಯಾಗಿರುವುದು ಇದರ ಜೊತೆಗೇ ಕಾಣಿಸಿಕೊಳ್ಳುವ ಲಕ್ಷಣಗಳು. ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಮುಂಗಡ ವಾಪಸು ಬರುತ್ತದೆ ಎಂದರೆ ಮಾತುಕತೆಯನ್ನು ಆ ಕ್ಷಣವೇ ಮುಗಿಸಿ. ಹಣ ಪಡೆಯುವವರು ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕುವುದು ಹಣ ಕಳಿಸುವಾಗ ಮಾತ್ರ. ಒಟಿಪಿಯನ್ನು ಯಾರಿಗೂ ಹೇಳಬಾರದು.

ಹಣ ಈಗಾಗಲೇ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ ನಿಮ್ಮ ಬ್ಯಾಂಕಿಗೆ, ಸೈಬರ್ ಅಪರಾಧದ ದೂರು ಸ್ವೀಕರಿಸುವ ಪೊಲೀಸರಿಗೆ ತಿಳಿಸಿ. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ಸಂದೇಶಗಳನ್ನೂ ಜಾಹೀರಾತಿನ ಸ್ಕ್ರೀನ್‌ಶಾಟ್‌ಗಳನ್ನೂ ಅಳಿಸದೆ ಇಟ್ಟುಕೊಳ್ಳಿ.

ಬಿಲ್ ಇಲ್ಲ, ಲೇಬಲ್ ಕಿತ್ತುಹೋಗಿದೆ

ಐದಾರು ವರ್ಷ ಹಳೆಯ ಯಂತ್ರದ ಬಿಲ್ ಕಳೆದುಹೋಗಿರುವುದು ಅಸಾಮಾನ್ಯವೇನಲ್ಲ. ಆದರೆ ಒಂದೇ ವರ್ಷದ್ದು ಎನ್ನುವ ಯಂತ್ರಕ್ಕೆ ಬಿಲ್ಲೂ ಇಲ್ಲ, ಆನ್‌ಲೈನ್‌ನಲ್ಲಿ ಕೊಂಡ ದಾಖಲೆಯೂ ಇಲ್ಲ ಎಂದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಸೀರಿಯಲ್ ನಂಬರ್ ಸಿಕ್ಕರೆ ತಯಾರಕರ ಬೆಂಬಲ ಪುಟದಲ್ಲಿ ಅದನ್ನು ಹಾಕಿ ವಾರಂಟಿಯ ಅವಧಿಯನ್ನು ನೋಡಿ; ಡೆಲ್ ಕಂಪನಿ ಇದನ್ನು ಸರ್ವಿಸ್ ಟ್ಯಾಗ್ ಎಂದು ಕರೆಯುತ್ತದೆ, ಅದರಲ್ಲಿ ಏಳು ಅಕ್ಷರ-ಅಂಕಿಗಳಿರುತ್ತವೆ. ವಾರಂಟಿ ಮುಗಿದ ವರ್ಷದಿಂದ ಯಂತ್ರದ ನಿಜವಾದ ವಯಸ್ಸು ಸಾಕಷ್ಟು ಮಟ್ಟಿಗೆ ತಿಳಿಯುತ್ತದೆ. ಮಾಡೆಲ್‌ನ ಹೆಸರು ಅಲ್ಲಿ ಬೇರೆ ಬಂದರೆ ಲೇಬಲ್ ಬೇರೆ ಯಂತ್ರದ್ದು.

ಮಾರುವವರ ಹೆಸರಿನಲ್ಲಿ ರಸೀದಿ ಬರೆದುಕೊಡುವಂತೆ ಕೇಳಿ: ಮಾಡೆಲ್, ಸೀರಿಯಲ್ ನಂಬರ್, ಮೊತ್ತ, ದಿನಾಂಕ, ಸಹಿ ಇದ್ದರೆ ಸಾಕು. ಕದ್ದ ಮಾಲು ಎಂಬ ಅನುಮಾನ ಬಂದರೆ ಅಗ್ಗವಾಗಿದೆ ಎಂದು ಕೊಳ್ಳುವುದು ಕಾನೂನಿನ ತೊಡಕನ್ನು ಮೈಮೇಲೆ ಎಳೆದುಕೊಂಡಂತೆ, ಮತ್ತು ಅದನ್ನು ಕಳೆದುಕೊಂಡವರಿಗೂ ಅನ್ಯಾಯ.

ಭೇಟಿಗೆ ಹೋಗುವಾಗ

ಇಲ್ಲಿಯವರೆಗಿನ ಪರೀಕ್ಷೆಗಳಲ್ಲಿ ತೃಪ್ತಿಯಾದರೆ ಮಾತ್ರ ಯಂತ್ರ ನೋಡಲು ಹೋಗಿ. ಹಗಲಿನಲ್ಲಿ, ಜನರಿರುವ, ವಿದ್ಯುತ್ ಪ್ಲಗ್ ಸಿಗುವ ಜಾಗವನ್ನು ಆರಿಸಿ, ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಒಂದು ಪೆನ್‌ಡ್ರೈವ್, ಒಂದು ಇಯರ್‌ಫೋನ್, ಇಂಟರ್ನೆಟ್ ಹಂಚಿಕೊಳ್ಳಲು ನಿಮ್ಮ ಫೋನ್ ಇದ್ದರೆ ಮುಂದಿನ ಬಹುತೇಕ ಪರೀಕ್ಷೆಗಳಿಗೆ ಸಾಕು. ಮೊದಲೇ ಆನ್ ಮಾಡಿ, ಬೆಚ್ಚಗಾಗಿಸಿ ಇಟ್ಟುಕೊಂಡ ಯಂತ್ರವನ್ನು ನೋಡಬೇಡಿ; ಪೂರ್ತಿ ಆಫ್ ಮಾಡಿಸಿ, ನಿಮ್ಮೆದುರೇ ಆನ್ ಮಾಡಿಸಿ.

ಆನ್ ಮಾಡಿದಾಗ ಪಾಸ್‌ವರ್ಡ್ ಕೇಳುತ್ತದೆ, ಇಲ್ಲವೇ ಯಾವುದೋ ಸಂಸ್ಥೆಯ ಹೆಸರು ಬರುತ್ತದೆ

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಎಲ್ಲ ಬೀಗಗಳೂ ಒಂದೇ ಅಲ್ಲ, ಮತ್ತು ನೋಡಲು ಸರಿಯಾಗಿಯೇ ಇರುವ ಯಂತ್ರ ಮನೆಗೆ ಬಂದ ಮೇಲೆ ನಿರುಪಯುಕ್ತವಾಗುವುದು ಹೆಚ್ಚಾಗಿ ಇವುಗಳಿಂದಲೇ.

ವಿಂಡೋಸ್‌ನ ಲಾಗಿನ್ ಪಾಸ್‌ವರ್ಡ್ ತೀರಾ ಸಾಮಾನ್ಯ ಸಂಗತಿ. ಅದು ಮಾರುವವರಿಗೆ ಗೊತ್ತಿರಬೇಕು ಅಷ್ಟೆ. ಅವರಿಗೇ ಗೊತ್ತಿಲ್ಲದಿದ್ದರೆ ಯಂತ್ರ ಅವರದ್ದೇ ಎಂದು ನಂಬುವುದು ಕಷ್ಟ. ಬಿಟ್‌ಲಾಕರ್ ಎಂಬ ನೀಲಿ ಪರದೆ ಬಂದು ರಿಕವರಿ ಕೀ ಕೇಳಿದರೆ ಡಿಸ್ಕಿನ ಮಾಹಿತಿ ಬೀಗ ಹಾಕಿಕೊಂಡಿದೆ ಎಂದರ್ಥ. ಆ ಮಾಹಿತಿ ನಿಮಗೆ ಬೇಕಿಲ್ಲ, ಡಿಸ್ಕನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕಬಹುದು. ಇಲ್ಲಿಯೂ ಪ್ರಶ್ನೆ ಯಂತ್ರದ್ದಲ್ಲ, ಮಾರುವವರ ಬಳಿ ಆ ಕೀ ಏಕಿಲ್ಲ ಎಂಬುದು.

ವಿಂಡೋಸ್‌ಗಿಂತ ಮೊದಲೇ ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶವಾದ ಬಯೋಸ್‌ನ ಪಾಸ್‌ವರ್ಡ್ ಇದಕ್ಕಿಂತ ಗಂಭೀರ. ಯಂತ್ರ ಆನ್ ಆಗುತ್ತಿದ್ದಂತೆ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತಿದರೆ ಬಯೋಸ್‌ನ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳಿ, ಮಾರುವವರು ಅದನ್ನು ಹಾಕಿ ತೆಗೆದುಹಾಕಲಾರದೆ ಹೋದರೆ ಕೊಳ್ಳಬೇಡಿ. ಒಳಗಿನ ಚಿಕ್ಕ ಬ್ಯಾಟರಿ ತೆಗೆದರೆ ಪಾಸ್‌ವರ್ಡ್ ಹೋಗುತ್ತದೆ ಎಂಬ ಮಾತು ಕಚೇರಿ ಬಳಕೆಯ ಇತ್ತೀಚಿನ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಕಂಪನಿಯೇ ಸೂಚಿಸುವ ಪರಿಹಾರ ಮದರ್‌ಬೋರ್ಡ್ ಬದಲಾವಣೆ. ಬಯೋಸ್ ತೆರೆದುಕೊಂಡರೆ ಅಲ್ಲಿರುವ ಸೀರಿಯಲ್ ನಂಬರನ್ನು ತಳಭಾಗದ ಲೇಬಲ್ಲಿನೊಂದಿಗೆ, ಪ್ರೊಸೆಸರ್ ಮತ್ತು ರ‍್ಯಾಮ್‌ನ ವಿವರವನ್ನು ಜಾಹೀರಾತಿನೊಂದಿಗೆ ಹೋಲಿಸಿ. ವಿಂಡೋಸ್‌ನೊಳಗೆ ಕಾಣುವ ವಿವರವನ್ನು ತಿದ್ದಿ ತೋರಿಸಬಹುದು. ಬಯೋಸ್ ತೋರಿಸುವುದನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಇನ್ನೊಂದು ಬೀಗ ಕಣ್ಣಿಗೆ ಕಾಣದೆ ಇರುವಂಥದ್ದು. ದೊಡ್ಡ ಸಂಸ್ಥೆಗಳು ತಮ್ಮ ಯಂತ್ರಗಳನ್ನು ದೂರದಿಂದಲೇ ನಿಯಂತ್ರಿಸಲು ಅವುಗಳ ಗುರುತನ್ನು ಮೈಕ್ರೋಸಾಫ್ಟ್, ಆಪಲ್ ಅಥವಾ ಗೂಗಲ್‌ನ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ಆ ನೋಂದಣಿಯನ್ನು ರದ್ದು ಮಾಡದೆ ಮಾರಿದ ಯಂತ್ರ ಸದ್ಯಕ್ಕೆ ಸರಿಯಾಗಿ ನಡೆಯುತ್ತಿದ್ದರೂ, ಮುಂದೊಮ್ಮೆ ರೀಸೆಟ್ ಮಾಡಿ ಇಂಟರ್ನೆಟ್‌ಗೆ ಜೋಡಿಸಿದಾಗ ಆ ಸಂಸ್ಥೆಯ ಲಾಗಿನ್ ಕೇಳುತ್ತದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಕೆಲಸ ಅಥವಾ ಶಾಲೆಯ ಖಾತೆ ಜೋಡಣೆಯಾಗಿದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಹೆಚ್ಚು ಖಚಿತವಾದದ್ದು, ಮಾರುವವರೇ ಯಂತ್ರವನ್ನು ರೀಸೆಟ್ ಮಾಡಿ, ಹೊಸ ಯಂತ್ರದಂತೆ ಆರಂಭದ ಪುಟಗಳು ಬಂದಾಗ ನಿಮ್ಮ ಫೋನಿನ ಇಂಟರ್ನೆಟ್‌ಗೆ ಜೋಡಿಸುವುದು. ಇಂಟರ್ನೆಟ್ ಇಲ್ಲದೆ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಇಂಟರ್ನೆಟ್ ಆಮೇಲೆ ಹಾಕಿಕೊಳ್ಳಿ ಎಂದು ಮಾರುವವರು ಒತ್ತಾಯಿಸಿದರೆ ಅದೇ ಒಂದು ಲಕ್ಷಣ.

ಮ್ಯಾಕ್‌ಬುಕ್‌ನಲ್ಲಿ ಇದರ ಜೊತೆಗೆ ಹಿಂದಿನ ಒಡೆಯರ ಆಪಲ್ ಖಾತೆಗೆ ಕಟ್ಟಿರುವ ಆ್ಯಕ್ಟಿವೇಷನ್ ಲಾಕ್ ಎಂಬ ಬೀಗವೂ ಇದೆ. ಟಿ2 ಎಂಬ ಭದ್ರತಾ ಚಿಪ್ ಇರುವ ಮತ್ತು ಆಪಲ್‌ನ ಸ್ವಂತ ಚಿಪ್ ಇರುವ ಎಲ್ಲ ಯಂತ್ರಗಳಲ್ಲೂ ಅದು ಇರಬಹುದು. ಮಾರುವವರು ನಿಮ್ಮೆದುರೇ ತಮ್ಮ ಆಪಲ್ ಖಾತೆಯಿಂದ ಹೊರಬಂದು, ಎಲ್ಲವನ್ನೂ ಅಳಿಸಿ, ಆರಂಭದ ಪುಟ ಇಂಟರ್ನೆಟ್‌ನೊಂದಿಗೆ ಮುಂದುವರಿಯುವುದನ್ನು ತೋರಿಸಬೇಕು. ರಿಮೋಟ್ ಮ್ಯಾನೇಜ್‌ಮೆಂಟ್ ಎಂಬ ಪುಟ ಬಂದರೆ ಅದು ಸಂಸ್ಥೆಯ ಯಂತ್ರ. ಶಾಲೆಗೋ ಕಚೇರಿಗೋ ಸೇರಿದ್ದ ಕ್ರೋಮ್‌ಬುಕ್‌ ಎಷ್ಟು ಸಲ ರೀಸೆಟ್ ಮಾಡಿದರೂ ಮತ್ತೆ ಆ ಸಂಸ್ಥೆಯ ಹಿಡಿತಕ್ಕೇ ಮರಳುವಂತೆ ಕಟ್ಟಿಹಾಕಿರುವುದುಂಟು. ಇವುಗಳನ್ನು ಬಿಡಿಸಬೇಕಾದವರು ಆ ಸಂಸ್ಥೆಯವರೇ. ಬಿಡಿಸಿಕೊಡುತ್ತೇವೆ ಎನ್ನುವ ಮೂರನೆಯವರಿಗೆ ಹಣ ಕೊಡಬೇಡಿ.

ಚಾರ್ಜರ್ ತೆಗೆದ ಕೂಡಲೇ ಆರಿಹೋಗುತ್ತದೆ

ಬ್ಯಾಟರಿ ಸವೆದಿದೆ ಅಥವಾ ಒಳಗೆ ಬ್ಯಾಟರಿಯೇ ಇಲ್ಲ. ಎಷ್ಟು ಸವೆದಿದೆ ಎಂಬುದನ್ನು ವಿಂಡೋಸ್ ತಾನೇ ಹೇಳುತ್ತದೆ: ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ಪಡೆಯುವ ಆದೇಶ ಕೊಟ್ಟರೆ ಬ್ಯಾಟರಿಯ ಮೂಲ ಸಾಮರ್ಥ್ಯವೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯವೂ ಒಂದು ಪುಟದಲ್ಲಿ ಸಿಗುತ್ತವೆ. ಮೂಲ ಸಾಮರ್ಥ್ಯ 50,000 ಇದ್ದು ಈಗಿನದು 30,000 ಇದ್ದರೆ ಉಳಿದಿರುವುದು ಶೇ. 60. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಿಂದ ಕಳೆದೇ ಮಾತನಾಡಿ. ಇತ್ತೀಚಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಗೆ ಆಪಲ್ ಗೊತ್ತುಪಡಿಸಿರುವ ಮಿತಿ 1000 ಚಾರ್ಜ್ ಸುತ್ತುಗಳು. ಈಗ ಎಷ್ಟಾಗಿದೆ ಎಂಬುದು ಸಿಸ್ಟಮ್ ಮಾಹಿತಿಯಲ್ಲಿ ಕಾಣುತ್ತದೆ.

ಸವೆದ ಬ್ಯಾಟರಿ ಖರ್ಚಿನ ವಿಷಯ, ಉಬ್ಬಿದ ಬ್ಯಾಟರಿ ಅಪಾಯದ ವಿಷಯ. ಸಮತಟ್ಟಾದ ಮೇಜಿನ ಮೇಲಿಟ್ಟಾಗ ಯಂತ್ರ ಅಲುಗಾಡುವುದು, ಟಚ್‌ಪ್ಯಾಡ್ ಮೇಲೆದ್ದಿರುವುದು ಅಥವಾ ಕ್ಲಿಕ್ ಆಗದಿರುವುದು, ತಳದ ಮುಚ್ಚಳದ ಅಂಚಿನಲ್ಲಿ ಬಿರುಕು ತೆರೆದುಕೊಂಡಿರುವುದು ಉಬ್ಬಿದ್ದರ ಗುರುತುಗಳು. ಅಂಥದ್ದನ್ನು ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಬಿಚ್ಚಲು ಹೋಗಬೇಡಿ. ಲಿಥಿಯಂ ಬ್ಯಾಟರಿ ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಪರೀಕ್ಷೆಯನ್ನು ಅಲ್ಲಿಯೇ ನಿಲ್ಲಿಸಿ. ವೈರ್ ಹರಿದಿರುವ, ಪಿನ್ ಸುಟ್ಟಂತಿರುವ ಚಾರ್ಜರನ್ನೂ ಪ್ಲಗ್‌ಗೆ ಹಾಕಬಾರದು.

ಯಂತ್ರ ನಿಧಾನವಾಗಿದೆ, ತೆರೆಯುವಾಗ ತಡವರಿಸುತ್ತದೆ

ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ನಿಧಾನ ಸಹಜ. ತಿರುಗುವ ಭಾಗಗಳಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿದರೆ ಹೆಚ್ಚಿನ ಮಟ್ಟಿಗೆ ಸರಿಹೋಗುತ್ತದೆ. ಟಕಟಕ ಸದ್ದು ಕೇಳಿದರೆ ಡಿಸ್ಕ್ ಸಾಯುತ್ತಿದೆ ಎಂದು ತಿಳಿಯಿರಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ನಡೆಸಿದರೆ ಡಿಸ್ಕಿನ ಆರೋಗ್ಯ ತಿಳಿಯುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ಕೆಟ್ಟು ಬದಲಾಯಿಸಿದ ಅಥವಾ ಬದಲಾವಣೆಗೆ ಬಾಕಿ ಇರುವ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಭಾಗಗಳ) ಸಂಖ್ಯೆ ಸೊನ್ನೆಯಲ್ಲದಿದ್ದರೆ ಹೊಸ ಡಿಸ್ಕಿನ ಖರ್ಚನ್ನು ಸೇರಿಸಿಕೊಳ್ಳಿ.

ಅದೇ ಪುಟದಲ್ಲಿ ಡಿಸ್ಕ್ ಒಟ್ಟು ಎಷ್ಟು ಗಂಟೆ ಚಾಲೂ ಇತ್ತು ಎಂಬ ಅಂಕಿಯೂ ಇರುತ್ತದೆ, ಮತ್ತು ಮಾರುವವರ ಮಾತನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ವರ್ಷಕ್ಕೆ ಇರುವುದು 8,760 ಗಂಟೆ. ಒಂದೇ ವರ್ಷ ಬಳಸಿದ್ದೇವೆ ಎನ್ನುವ ಯಂತ್ರದ ಡಿಸ್ಕ್ 12,000 ಗಂಟೆ ತೋರಿಸುತ್ತಿದ್ದರೆ, ಡಿಸ್ಕ್ ಬೇರೆ ಯಂತ್ರದಿಂದ ಬಂದಿದೆ ಅಥವಾ ವಯಸ್ಸು ಸುಳ್ಳು. ಗಂಟೆ ಕಡಿಮೆ ಇದ್ದ ಮಾತ್ರಕ್ಕೆ ಯಂತ್ರ ಹೊಸದು ಎನ್ನಲು ಬರುವುದಿಲ್ಲ. ಡಿಸ್ಕ್ ಬದಲಾಗಿರಬಹುದು, ಕೆಲವು ಎಸ್‌ಎಸ್‌ಡಿಗಳು ವಿಶ್ರಾಂತಿಯ ಹೊತ್ತನ್ನು ಎಣಿಸುವುದೂ ಇಲ್ಲ.

ಆನ್ ಮಾಡಿದಾಗಲೆಲ್ಲ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಗಾಬರಿ ಬೇಡ. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಮುಗಿದಿರುತ್ತದೆ, ಅದು ಅಗ್ಗದ ರಿಪೇರಿ.

ಪರದೆ ಮಿನುಗುತ್ತದೆ, ಗೆರೆ ಬರುತ್ತದೆ

ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರಗಳನ್ನು ಪರದೆ ತುಂಬ ತೋರಿಸಿ ಕಲೆ, ಸತ್ತ ಚುಕ್ಕೆಗಳನ್ನು ಹುಡುಕಿ. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿದಾಗ ಮಾತ್ರ ಮಿನುಗುತ್ತಿದ್ದರೆ ತಪ್ಪು ಹೆಚ್ಚಾಗಿ ಹಿಂಜಿನ ಮೂಲಕ ಹೋಗುವ ಕೇಬಲ್‌ನದ್ದು. ಗೆರೆಗಳು ಸದಾ ಇದ್ದರೆ ಯಂತ್ರವನ್ನು ಟಿವಿಗೋ ಬೇರೆ ಮಾನಿಟರ್‌ಗೋ ಜೋಡಿಸಿ ನೋಡಿ: ಅಲ್ಲಿ ಚಿತ್ರ ಶುದ್ಧವಾಗಿದ್ದರೆ ದೋಷ ಪರದೆಯದ್ದು ಅಥವಾ ಕೇಬಲ್‌ನದ್ದು, ಅಲ್ಲಿಯೂ ಅದೇ ಗೆರೆಗಳಿದ್ದರೆ ಗ್ರಾಫಿಕ್ಸ್ ಚಿಪ್‌ನದ್ದು. ಎರಡನೆಯದು ಮದರ್‌ಬೋರ್ಡ್‌ನ ದೋಷ; ಅಗ್ಗದ ಯಂತ್ರಕ್ಕೆ ಆ ರಿಪೇರಿ ಲಾಭದಾಯಕವಲ್ಲ. ಮುಚ್ಚಳ ತೆರೆಯುವಾಗ ಹಿಂಜಿನ ಬಳಿ ಪ್ಲಾಸ್ಟಿಕ್ ಬಿರಿಯುತ್ತಿದ್ದರೆ ಒಳಗಿನ ಸ್ಕ್ರೂ ಹಿಡಿತ ಒಡೆದಿದೆ, ಬಳಸಿದಷ್ಟೂ ಅದು ಹೆಚ್ಚುತ್ತದೆ.

ಫ್ಯಾನ್ ಜೋರಾಗಿ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ

ಹದಿನೈದಿಪ್ಪತ್ತು ನಿಮಿಷ ಹೆಚ್ಚು ಗುಣಮಟ್ಟದ ವಿಡಿಯೋ ಓಡಿಸಿ, ಜೊತೆಗೆ ಹಲವು ಪುಟಗಳನ್ನು ತೆರೆದಿಡಿ. ಫ್ಯಾನಿನ ಸದ್ದು ಏರಿ ಇಳಿಯುವುದು ಸಹಜ. ಯಂತ್ರ ಆಫ್ ಆದರೆ ಕಾರಣ ಧೂಳು, ಒಣಗಿದ ಥರ್ಮಲ್ ಪೇಸ್ಟ್, ನಿಂತುಹೋದ ಫ್ಯಾನ್ ಆಗಿರಬಹುದು, ಅಥವಾ ಬೋರ್ಡಿನ ದೋಷವೂ ಆಗಿರಬಹುದು. ಮೊದಲ ಮೂರು ಸುಲಭ, ಕೊನೆಯದು ಕಷ್ಟ, ಮತ್ತು ಯಂತ್ರ ತೆರೆಯದೆ ಯಾವುದೆಂದು ಹೇಳಲು ಆಗುವುದಿಲ್ಲ. ಇಲ್ಲಿ ಊಹೆಯ ಮೇಲೆ ಹಣ ಕೊಡದೆ ರಿಪೇರಿ ಬಲ್ಲವರೊಬ್ಬರಿಗೆ ತೋರಿಸಲು ಅವಕಾಶ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ.

ಕೆಲವು ಕೀಗಳು ಅಂಟುತ್ತವೆ, ಒಂದು ಪೋರ್ಟ್ ಕೆಲಸ ಮಾಡುವುದಿಲ್ಲ

ಪ್ರತಿಯೊಂದು ಕೀಯನ್ನೂ ಒತ್ತಿ ನೋಡಿ, ಪೆನ್‌ಡ್ರೈವನ್ನು ಎಲ್ಲ ಪೋರ್ಟ್‌ಗಳಿಗೂ ಹಾಕಿ ನೋಡಿ, ಇಯರ್‌ಫೋನ್, ಮೈಕ್, ಕ್ಯಾಮೆರಾ, ವೈಫೈ ಪರೀಕ್ಷಿಸಿ. ಒಂದೆರಡು ಕೀ ಹೋಗಿರುವುದು ಸಣ್ಣ ದೋಷ. ಆದರೆ ಅಕ್ಕಪಕ್ಕದ ಹಲವು ಕೀಗಳು ಒಟ್ಟಿಗೆ ಅಂಟುತ್ತಿದ್ದು, ಪೋರ್ಟ್‌ನೊಳಗೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಒಳಗೆ ದ್ರವ ಬಿದ್ದಿದೆ. ದ್ರವದಿಂದ ಹಿಡಿಯುವ ತುಕ್ಕು ತಿಂಗಳುಗಳವರೆಗೆ ಸದ್ದಿಲ್ಲದೆ ಹರಡುತ್ತದೆ. ಇಂದು ನಡೆಯುತ್ತಿರುವುದು ನಾಳೆಗೆ ಸಾಕ್ಷಿಯಲ್ಲ. ಯಂತ್ರದ ದೋಷಗಳಲ್ಲಿ ಬೆಲೆ ಕಟ್ಟಲು ಆಗದ್ದು ಇದೊಂದೇ ಎಂದು ಪರಿಗಣಿಸಿ ದೂರವಿರುವುದು ಲೇಸು.

ವಿಂಡೋಸ್ ಸಕ್ರಿಯಗೊಳಿಸಿ ಎಂಬ ಬರಹ ಕಾಣುತ್ತದೆ

ವಿಂಡೋಸ್‌ನ ಡಿಜಿಟಲ್ ಪರವಾನಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ವಿಂಡೋಸ್‌ನೊಂದಿಗೇ ಮಾರಾಟವಾಗಿದ್ದ ಮಾಡೆಲ್‌ನಲ್ಲಿ ಈ ಬರಹ ಕಂಡರೆ ಬೋರ್ಡ್ ಬದಲಾಗಿರಬಹುದು, ಅಥವಾ ಬೇರೆ ಆವೃತ್ತಿ ಹಾಕಿರಬಹುದು. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಲ್ಲಿ ಸಂಸ್ಥೆಯ ಸಕ್ರಿಯಗೊಳಿಸುವ ಸೇವೆಯಿಂದ ಎಂದು ಬರೆದಿದ್ದರೆ ಅದು ಕಚೇರಿಯ ಯಂತ್ರ, ಇಲ್ಲವೇ ಕಳ್ಳ ತಂತ್ರಾಂಶದಿಂದ ತೆರೆದದ್ದು. ಅಂಥ ತಂತ್ರಾಂಶಗಳ ಜೊತೆ ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಬರುವುದು ಅಪರೂಪವಲ್ಲ.

ಆದ್ದರಿಂದ ಯಂತ್ರ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಮಾರುವವರು ಎಷ್ಟೇ ಸಜ್ಜನರಾಗಿದ್ದರೂ, ಅವರು ಹಾಕಿಕೊಟ್ಟ ವಿಂಡೋಸ್‌ನಲ್ಲಿ ನಿಮ್ಮ ಇಮೇಲ್, ಬ್ಯಾಂಕ್ ಯಾವುದನ್ನೂ ತೆರೆಯಬೇಡಿ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದಲೇ ವಿಂಡೋಸ್ ಇಳಿಸಿಕೊಂಡು, ಡಿಸ್ಕಿನ ಎಲ್ಲ ವಿಭಾಗಗಳನ್ನೂ ಅಳಿಸಿ ಹೊಸದಾಗಿ ಹಾಕಿ. ಹಿಂತಿರುಗಿಸುವ ಅವಧಿಯೇನಾದರೂ ಒಪ್ಪಿಕೊಂಡಿದ್ದರೆ ಈ ಕೆಲಸವನ್ನು ಮೊದಲ ದಿನವೇ ಮಾಡಿ, ಅನಂತರ ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ತಂತ್ರಾಂಶವನ್ನು ನಡೆಸಿ ರ‍್ಯಾಮ್ ಪರೀಕ್ಷಿಸಿ. ಅದರಲ್ಲಿ ಒಂದೇ ಒಂದು ತಪ್ಪು ಬಂದರೂ ಅವಧಿ ಮುಗಿಯುವ ಮೊದಲು ಯಂತ್ರವನ್ನು ರಸೀದಿಯೊಂದಿಗೆ ಮಾರಿದವರ ಬಳಿಗೆ ಕೊಂಡೊಯ್ಯಿರಿ.